ಇಬ್ಬರಲ್ಲಿ ಒಬ್ಬರೇ ಉಳಿದರೆ? ನಿವೃತ್ತಿಗೆ ಹೊರದೇಶ ಆರಿಸುವವರಿಗೆ ಒಂದು ಹೋಲಿಕೆ

ನಮ್ಮ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದ ತಿಂಗಳೇ ಅಂಗಡಿಯಿಂದ ಒಂದು ಉದ್ದದ ನೋಟ್‌ಬುಕ್ ತಂದರು. ಪುಟಕ್ಕೊಂದು ದೇಶದ ಹೆಸರು. ನಡುವೆ ಗೆರೆ ಎಳೆದು ಒಂದು ಕಡೆ ‘ಖರ್ಚು’, ಇನ್ನೊಂದು ಕಡೆ ‘ಭದ್ರತೆ’ ಅಂತ ಬರೆದರು. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ಅವರ ಜೊತೆ ನಡೆಯುವ ಗೆಳೆಯರಲ್ಲೂ ಆಗ ಇದೇ ಮಾತು. ಮಲೇಷ್ಯಾ ಅಗ್ಗವಂತೆ, ಥಾಯ್ಲೆಂಡಿನಲ್ಲಿ ಆಸ್ಪತ್ರೆ ಚೆನ್ನಾಗಿದೆಯಂತೆ, ಪೋರ್ಚುಗಲ್ ಶಾಂತವಾಗಿದೆಯಂತೆ. ಮೈಸೂರಿನ ಮನೆ ಬಾಡಿಗೆಗೆ ಕೊಟ್ಟು, ಪಿಂಚಣಿಯಲ್ಲಿ ಅಲ್ಲಿ ರಾಜರ ಹಾಗೆ ಇರಬಹುದು ಅನ್ನುವ ಆಸೆ ಎಲ್ಲರಿಗೂ ಇತ್ತು.

ನಾನು ಮಂಡ್ಯದ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಲೆಕ್ಕದಲ್ಲಿ ಒಂದು ಹೆಜ್ಜೆ ಬಿಟ್ಟುಹೋಗಿದ್ದರೆ ಬೇಗ ಕಣ್ಣಿಗೆ ಬೀಳುತ್ತದೆ. ಆ ನೋಟ್‌ಬುಕ್ಕಿನ ಎರಡೂ ಕಾಲಂ ನಾವಿಬ್ಬರೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವ ದಿನಗಳ ಲೆಕ್ಕ. ಅರವತ್ತಕ್ಕೆ ಸರಿ. ಎಪ್ಪತ್ತೈದಕ್ಕೆ? “ರೀ, ನಮ್ಮಿಬ್ಬರಲ್ಲಿ ಒಬ್ಬರೇ ಉಳಿದರೆ ಈ ಊರಲ್ಲಿ ಹೇಗೆ ಇರೋದು?” ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವರೇ ಸ್ಕೇಲು ತೆಗೆದುಕೊಂಡು ಪ್ರತಿ ಪುಟಕ್ಕೂ ಇನ್ನೊಂದು ಗೆರೆ ಎಳೆದರು. ‘ಒಬ್ಬರೇ ಉಳಿದರೆ’ ಅನ್ನುವ ಮೂರನೇ ಕಾಲಂ.

ಆ ಮೂರು ಕಾಲಂ ಇಟ್ಟುಕೊಂಡು ನಾವು ಎರಡು ವರ್ಷ ಮಾಡಿದ ಹೋಲಿಕೆಯನ್ನು ಇಲ್ಲಿ ಬರೆದಿದ್ದೇನೆ. ಲೆಕ್ಕಕ್ಕೆ ಡಾಲರಿಗೆ 90 ರೂಪಾಯಿ, ಮಲೇಷ್ಯಾದ ರಿಂಗಿಟ್‌ಗೆ 22, ಥಾಯ್ಲೆಂಡಿನ ಬಾತ್‌ಗೆ 2.8, ಯೂರೋಗೆ 105 ರೂಪಾಯಿ ಹಿಡಿದಿದ್ದೇನೆ. ವೀಸಾ ನಿಯಮಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ಮುಂಚೆ ಆಯಾ ದೇಶದ ಸರ್ಕಾರಿ ವೆಬ್‌ಸೈಟ್ ನೀವೇ ತೆಗೆದು ನೋಡಿ, ಏಜೆಂಟರ ಮಾತಿನ ಮೇಲೆ ಹೋಗಬೇಡಿ.

ಭದ್ರತೆ ಅಂದರೆ ಯಾವ ಭದ್ರತೆ?

ಎಲ್ಲರೂ ಮೊದಲು ಹುಡುಕುವುದು ‘ಸುರಕ್ಷಿತ ದೇಶಗಳ ಪಟ್ಟಿ’. ಹೆಚ್ಚಾಗಿ ಸಿಗುವುದು ಜಾಗತಿಕ ಶಾಂತಿ ಸೂಚ್ಯಂಕ. 2024ರ ಪಟ್ಟಿಯಲ್ಲಿ 163 ದೇಶಗಳಿದ್ದವು. ಪೋರ್ಚುಗಲ್ 7ನೇ ಸ್ಥಾನ, ಮಲೇಷ್ಯಾ 10, ಥಾಯ್ಲೆಂಡ್ 75, ಭಾರತ 116. ಇದನ್ನು ನೋಡಿ ನಮ್ಮ ಯಜಮಾನರು ಪೋರ್ಚುಗಲ್ ಪುಟಕ್ಕೆ ದೊಡ್ಡದಾಗಿ ಟಿಕ್ ಹಾಕಿದ್ದರು. ಆದರೆ ಆ ಸೂಚ್ಯಂಕದಲ್ಲಿ ಯುದ್ಧ, ಸೇನೆಯ ಖರ್ಚು, ನೆರೆ ದೇಶಗಳ ಜೊತೆ ಜಗಳ, ಜೈಲಿನಲ್ಲಿರುವವರ ಸಂಖ್ಯೆ ಎಲ್ಲವೂ ಸೇರಿವೆ. ಗಡಿಯಲ್ಲಿ ಗಲಾಟೆ ಇದ್ದರೆ ಸರಸ್ವತಿಪುರಂನಲ್ಲಿ ಹಾಲು ತರಲು ಹೋಗುವವಳಿಗೆ ಏನು ತೊಂದರೆ? ಪಟ್ಟಿ ಸುಳ್ಳಲ್ಲ. ಅದು ಉತ್ತರ ಕೊಡುವ ಪ್ರಶ್ನೆಯೇ ಬೇರೆ.

ವಯಸ್ಸಾದವರಿಗೆ ಬರುವ ಅಪಾಯಗಳು ಬೇರೆ. ಬಚ್ಚಲಲ್ಲಿ ಜಾರುವುದು. ರಸ್ತೆ ದಾಟುವುದು. ಮಧ್ಯರಾತ್ರಿ ಉಸಿರು ಕಟ್ಟುವುದು. ವೀಸಾ ನವೀಕರಣ ತಪ್ಪಿಹೋಗುವುದು. ದುಡ್ಡು ಇರುವ ಖಾತೆ ಒಬ್ಬರ ಹೆಸರಲ್ಲೇ ಇದ್ದು, ಅವರು ಹೋದ ದಿನ ಅದು ಮುಚ್ಚಿಕೊಳ್ಳುವುದು. ಕಳ್ಳರ ಭಯಕ್ಕಿಂತ ಇವೇ ದೊಡ್ಡವು. ಯಾವ ದೇಶ ನೋಡಿದರೂ ನಾನು ಇವನ್ನೇ ಕೇಳಿಕೊಂಡೆ.

ಮಲೇಷ್ಯಾ: ಊರು ಹತ್ತಿರ, ಬಾಗಿಲು ದುಬಾರಿ

ಭಾರತೀಯರಿಗೆ ಸದ್ಯ ಮಲೇಷ್ಯಾಕ್ಕೆ 30 ದಿನದ ಭೇಟಿಗೆ ವೀಸಾ ಬೇಡ. ಹಾಗಾಗಿ ಮೊದಲು ಅಲ್ಲಿಗೇ ಹೋಗಿ ಒಂದು ತಿಂಗಳು ಇದ್ದು ನೋಡಿದೆವು. ಪೆನಾಂಗ್‌ನ ಜಾರ್ಜ್‌ಟೌನ್‌ನಲ್ಲಿ ಎರಡು ಕೋಣೆಯ ಫ್ಲಾಟ್, 1,800 ರಿಂಗಿಟ್ ಬಾಡಿಗೆ. ಅಂದರೆ ನಮ್ಮ ದುಡ್ಡಲ್ಲಿ ಸುಮಾರು 40 ಸಾವಿರ. ಮೈಸೂರಿನಲ್ಲಿ ಅಂಥ ಮನೆ ಅದರ ಅರ್ಧಕ್ಕೆ ಸಿಗುತ್ತದೆ. ಅಗ್ಗ ಅನ್ನುವ ಮಾತು ಅಮೆರಿಕದಿಂದ ಬಂದವರಿಗೆ ಸರಿ, ಮೈಸೂರಿನಿಂದ ಹೋದವರಿಗೆ ಅಲ್ಲ. ಇದನ್ನು ಯಾರೂ ಹೇಳುವುದಿಲ್ಲ.

ಆದರೆ ಊರು ಮನಸ್ಸಿಗೆ ಹಿಡಿಸಿತು. ಲಿಟಲ್ ಇಂಡಿಯಾ ಬೀದಿಯಲ್ಲಿ ಮಲ್ಲಿಗೆ ಹೂ, ಬಾಳೆ ಎಲೆ ಊಟ, ಕರಿಬೇವು, ನುಗ್ಗೆಕಾಯಿ ಎಲ್ಲವೂ ಇತ್ತು. ಬೆಳಗಿನ ಹೊತ್ತು ಮಾರಿಯಮ್ಮನ ಗುಡಿಯ ಗಂಟೆ ಕೇಳಿಸುತ್ತಿತ್ತು. ಇಂಗ್ಲಿಷ್ ನಡೆಯುತ್ತದೆ, ತಮಿಳು ಇನ್ನೂ ಚೆನ್ನಾಗಿ ನಡೆಯುತ್ತದೆ. ಬೇರೆ ದೇಶದವರು ಚಿಕಿತ್ಸೆಗೆಂದೇ ಪೆನಾಂಗ್‌ಗೆ ಬರುತ್ತಾರೆ, ಅಷ್ಟು ಆಸ್ಪತ್ರೆಗಳಿವೆ.

ಒಂಬತ್ತನೇ ದಿನ ಬೆಳಿಗ್ಗೆ ನಾನು ಬಚ್ಚಲಲ್ಲಿ ಜಾರಿದೆ. ಹೊಳೆಯುವ ಬಿಳಿ ಟೈಲ್ಸ್, ಮೂಲೆಯಲ್ಲಿ ನೀಲಿ ಬಕೆಟ್. ಹಿಡಿದುಕೊಳ್ಳಲು ಗೋಡೆಯಲ್ಲಿ ಏನೂ ಇರಲಿಲ್ಲ. ಬಲಗೈ ಊರಿ ಬಿದ್ದೆ. ಐದು ನಿಮಿಷದಲ್ಲಿ ಮಣಿಕಟ್ಟು ಬನ್ನಿನ ಹಾಗೆ ಊದಿಕೊಂಡಿತು, ಬಳೆ ಒಳಗೆ ಒತ್ತತೊಡಗಿತು. ಆಸ್ಪತ್ರೆ ಹತ್ತೇ ನಿಮಿಷ. ಆದರೆ ಕೌಂಟರ್‌ನಲ್ಲಿ ಮೊದಲು ಅಡ್ವಾನ್ಸ್ ಕಟ್ಟಿ ಅಂದರು. ಯಜಮಾನರು ಕಾರ್ಡ್ ಕೊಟ್ಟರು, ನಡೆಯಲಿಲ್ಲ. ಇನ್ನೊಂದು ಕೊಟ್ಟರು, ಅದೂ ನಡೆಯಲಿಲ್ಲ. ನಮ್ಮ ದೇಶದ ಕಾರ್ಡುಗಳಲ್ಲಿ ಹೊರದೇಶದ ಬಳಕೆಯನ್ನು ನಾವೇ ಆನ್ ಮಾಡಿಕೊಳ್ಳಬೇಕು. 2020ರಿಂದ ರಿಸರ್ವ್ ಬ್ಯಾಂಕಿನ ನಿಯಮ ಅದು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿದ್ದವರು ಆ ಗಾಬರಿಯಲ್ಲಿ ಫೋನಿನಲ್ಲಿ ಆ ಸ್ವಿಚ್ಚು ಎಲ್ಲಿದೆ ಅಂತ ಹುಡುಕುತ್ತಾ ನಿಂತಿದ್ದರು, ಕೈ ನಡುಗುತ್ತಿತ್ತು. ಮೇಲಿನ ಮಹಡಿಯ ತಮಿಳು ಅಮ್ಮ ಒಬ್ಬರು ನಮ್ಮ ಜೊತೆಗೇ ಬಂದಿದ್ದರು. ಅವರೇ ದುಡ್ಡು ಕಟ್ಟಿದರು. ನನ್ನ ಬಳೆಗೆ ಸೋಪು ಹಚ್ಚಿ ಮೆಲ್ಲಗೆ ತೆಗೆದವರೂ ಅವರೇ. ದುಡ್ಡು ಸಂಜೆ ಹಿಂದಿರುಗಿಸಿದೆವು, ಪ್ರವಾಸ ವಿಮೆಯಿಂದ ಆಮೇಲೆ ನಮಗೂ ಬಂತು.

ಅವತ್ತು ರಾತ್ರಿ ಪ್ಲಾಸ್ಟರ್ ಕೈ ದಿಂಬಿನ ಮೇಲೆ ಇಟ್ಟುಕೊಂಡು ನಾನು ಯೋಚಿಸಿದ್ದು ಇಷ್ಟೇ: ಯಜಮಾನರು ಇಲ್ಲದೆ ಹೋಗಿದ್ದರೆ, ಆ ಅಮ್ಮನೂ ಊರಲ್ಲಿ ಇಲ್ಲದೆ ಹೋಗಿದ್ದರೆ? ಮೂರನೇ ಕಾಲಂನಲ್ಲಿ ಪೆನಾಂಗ್‌ಗೆ ಒಳ್ಳೆ ಅಂಕ ಕೊಟ್ಟೆ, ಯಾಕೆಂದರೆ ಅಂಥ ಅಮ್ಮಂದಿರು ಸಿಗುವ ಊರು ಅದು. ಆದರೆ ಅವರ ಪರಿಚಯ ಒಂಬತ್ತು ದಿನ ಮೊದಲೇ ಆಗಿದ್ದು ನಮ್ಮ ಪುಣ್ಯ.

ಈಗ ಕಾಯಂ ಆಗಿ ನೆಲೆಸುವ ಮಾತಿಗೆ ಬರೋಣ. ಮಲೇಷ್ಯಾದ ‘ಮೈ ಸೆಕೆಂಡ್ ಹೋಂ’ ಯೋಜನೆಯನ್ನು 2024ರಲ್ಲಿ ಮತ್ತೆ ಬದಲಾಯಿಸಿದರು. ಕೆಳಗಿನ ಹಂತವಾದ ಸಿಲ್ವರ್‌ಗೇ 1.5 ಲಕ್ಷ ಡಾಲರ್ ಠೇವಣಿ, ಅಂದರೆ 1.35 ಕೋಟಿ ರೂಪಾಯಿ. ಅದರ ಮೇಲೆ ಕನಿಷ್ಠ 6 ಲಕ್ಷ ರಿಂಗಿಟ್‌ನ ಮನೆ ಕೊಳ್ಳಬೇಕು. ಅದು 1.3 ಕೋಟಿ. ಸಿಗುವ ವೀಸಾ ಐದು ವರ್ಷದ್ದು, ಆಮೇಲೆ ನವೀಕರಿಸಬೇಕು. ಎರಡೂ ಸೇರಿ 2.65 ಕೋಟಿ. ಕುವೆಂಪುನಗರದಲ್ಲಿ ಒಳ್ಳೆ ಸೈಟಿನ ಮೇಲೆ ಮನೆ ಇರುವವರು ಅದನ್ನು ಮಾರಿದರೆ ಆಗಬಹುದು. ಮಾರಿದ ಮೇಲೆ ವಾಪಸ್ ಬಂದರೆ ಇರುವುದು ಎಲ್ಲಿ? ಪಿಂಚಣಿದಾರರು ಇದಕ್ಕೆ ಕೈ ಹಾಕಬಾರದು ಅನ್ನುವುದು ನನ್ನ ಅಭಿಪ್ರಾಯ.

ಥಾಯ್ಲೆಂಡ್: ಬಾಗಿಲು ಸಲೀಸು, ಒಳಗೆ ಷರತ್ತು ಜಾಸ್ತಿ

ಐವತ್ತು ದಾಟಿದವರಿಗೆ ಥಾಯ್ಲೆಂಡ್ ನಿವೃತ್ತಿ ವೀಸಾ ಕೊಡುತ್ತದೆ. ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಡಬೇಕು, ಇಲ್ಲವೇ ತಿಂಗಳಿಗೆ 65 ಸಾವಿರ ಬಾತ್ ವರಮಾನ ತೋರಿಸಬೇಕು. ಎರಡನೆಯದು ತಿಂಗಳಿಗೆ 1.82 ಲಕ್ಷ ರೂಪಾಯಿ ಆಯಿತು, ನಮ್ಮಂಥವರ ಪಿಂಚಣಿಗೆ ನಿಲುಕದ್ದು. ಹಾಗಾಗಿ ಉಳಿಯುವುದು ಠೇವಣಿಯ ದಾರಿ, 22.4 ಲಕ್ಷ. ಮಲೇಷ್ಯಾ ನೋಡಿ ಬಂದವರಿಗೆ ಇದು ಕೈಗೆಟುಕುವ ಮೊತ್ತ ಅನ್ನಿಸುತ್ತದೆ.

ಇಲ್ಲೊಂದು ಲೆಕ್ಕ ಎಲ್ಲರೂ ಮಾಡಲೇಬೇಕು. 2011ರಲ್ಲೂ ಈ ಷರತ್ತು 8 ಲಕ್ಷ ಬಾತೇ ಇತ್ತು. ಆಗ ಒಂದು ಬಾತ್‌ಗೆ ಸುಮಾರು ಒಂದೂವರೆ ರೂಪಾಯಿ. ಅಂದರೆ 12 ಲಕ್ಷ. ನಿಯಮ ಒಂದಿಷ್ಟೂ ಬದಲಾಗದೆ ನಮ್ಮ ಪಾಲಿಗೆ ಮೊತ್ತ ಹತ್ತಿರಹತ್ತಿರ ಎರಡರಷ್ಟಾಗಿದೆ. ಡಾಲರ್ ಕೂಡ ಹಾಗೇ, 2011ರ ನಡುವಿನಲ್ಲಿ 45 ರೂಪಾಯಿ ಆಸುಪಾಸು ಇದ್ದದ್ದು 2025ರ ಡಿಸೆಂಬರ್‌ನಲ್ಲಿ 90 ದಾಟಿತು. ಪಿಂಚಣಿ ಬರುವುದು ರೂಪಾಯಿಯಲ್ಲಿ, ಖರ್ಚಾಗುವುದು ಬೇರೆ ದುಡ್ಡಿನಲ್ಲಿ. ಇವತ್ತು ‘ತಿಂಗಳಿಗೆ 80 ಸಾವಿರದಲ್ಲಿ ಆರಾಮಾಗಿ ಇರಬಹುದು’ ಅನ್ನುವ ಊರಲ್ಲಿ ಹದಿನಾಲ್ಕು ವರ್ಷದ ಮೇಲೆ, ಅಲ್ಲಿ ಬೆಲೆ ಏರದಿದ್ದರೂ, ಒಂದೂವರೆ ಲಕ್ಷ ಬೇಕಾಗಬಹುದು. ತುಟ್ಟಿಭತ್ಯೆ ಏರುವುದು ನಮ್ಮ ದೇಶದ ಬೆಲೆ ನೋಡಿ, ಅಲ್ಲಿನದನ್ನು ನೋಡಿ ಅಲ್ಲ.

ನಾವು ಚಿಯಾಂಗ್ ಮಾಯ್‌ಗೆ ಹೋದದ್ದು ಮಾರ್ಚ್‌ನಲ್ಲಿ, ಅದು ತಪ್ಪಾಯಿತು. ಇಲ್ಲ, ಒಳ್ಳೆಯದೇ ಆಯಿತು ಅನ್ನಬೇಕು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಆ ಕಡೆ ಹೊಲದ ಕೂಳೆಗೂ ಕಾಡಿಗೂ ಬೆಂಕಿ ಬಿದ್ದು ಹೊಗೆ ಕವಿಯುತ್ತದೆ. ನಮ್ಮ ಕೋಣೆಯ ಕಿಟಕಿಯ ನೇರಕ್ಕೇ ದೋಯ್ ಸುಥೇಪ್ ಬೆಟ್ಟ ಇದೆ ಅಂತ ಮನೆ ತೋರಿಸಿದವರು ಹೇಳಿದ್ದರು. ನಾಲ್ಕು ದಿನ ಅದು ಕಾಣಲೇ ಇಲ್ಲ. ಮೈಸೂರಿನಲ್ಲಿ ಬೆಳಿಗ್ಗೆ ಎದ್ದರೆ ಚಾಮುಂಡಿಬೆಟ್ಟ ಇಲ್ಲ ಅಂದುಕೊಳ್ಳಿ, ಹಾಗೆ. ಯಜಮಾನರಿಗೆ ಮೊದಲೇ ಸ್ವಲ್ಪ ಉಬ್ಬಸ. ಐದನೇ ದಿನ ದಕ್ಷಿಣಕ್ಕೆ ಹೊರಟೆವು. ಜನವರಿಯಲ್ಲಿ ಹೋಗಿ ನೋಡಿದವರಿಗೆ ಈ ಊರು ಸ್ವರ್ಗದ ಹಾಗೆ ಕಾಣುತ್ತದೆ. ಯಾವ ಊರನ್ನೇ ಆಗಲಿ ಅದರ ಕೆಟ್ಟ ತಿಂಗಳಲ್ಲಿ ಹೋಗಿ ನೋಡಿ.

ರಸ್ತೆಯೂ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಥಾಯ್ಲೆಂಡಿನಲ್ಲಿ ಲಕ್ಷ ಜನಕ್ಕೆ 25ಕ್ಕೂ ಹೆಚ್ಚು ಮಂದಿ ರಸ್ತೆ ಅಪಘಾತದಲ್ಲಿ ಸತ್ತಿದ್ದಾರೆ. ಅದು ನಮ್ಮ ದೇಶಕ್ಕಿಂತ ಹೆಚ್ಚು. ಸಾಯುವವರಲ್ಲಿ ಬಹುಪಾಲು ದ್ವಿಚಕ್ರ ವಾಹನದವರು. ಅಲ್ಲಿ ಹೋಗಿ ಸ್ಕೂಟರ್ ಬಾಡಿಗೆಗೆ ತೆಗೆದುಕೊಂಡು ಓಡಾಡುವ ಆಸೆ ಬೇಡ. ರಾತ್ರಿ ಹೊತ್ತು ಹೆಂಗಸರು ಒಬ್ಬರೇ ನಡೆದು ಹೋಗುವುದಕ್ಕೆ ನನಗೆ ಅಲ್ಲಿ ಭಯ ಆಗಲಿಲ್ಲ, ಅದನ್ನೂ ಹೇಳಬೇಕು.

ಮೂರನೇ ಕಾಲಂನಲ್ಲಿ ಥಾಯ್ಲೆಂಡ್ ಸೋತಿತು. ಅಲ್ಲಿ ಗಂಡನ ಹೆಸರಿನಲ್ಲಿ ನಿವೃತ್ತಿ ಅನುಮತಿ ಪಡೆದು, ಹೆಂಡತಿ ಅವರ ಅವಲಂಬಿತೆಯಾಗಿ ಇರಬಹುದು. ಖರ್ಚು ಉಳಿಯುತ್ತದೆ ಅಂತ ತುಂಬ ಜನ ಹೀಗೇ ಮಾಡುತ್ತಾರೆ. ಗಂಡ ತೀರಿಕೊಂಡರೆ ಆ ಅವಲಂಬಿತ ವೀಸಾಕ್ಕೆ ಆಧಾರವೇ ಇರುವುದಿಲ್ಲ. ಹೆಂಡತಿ ತನ್ನ ಹೆಸರಲ್ಲಿ ಮತ್ತೆ 8 ಲಕ್ಷ ಬಾತ್ ತೋರಿಸಬೇಕು. ಗಂಡನ ಖಾತೆಯಲ್ಲಿರುವ ದುಡ್ಡು ಅಲ್ಲಿನ ಕೋರ್ಟಿನ ಕಾಗದ ಆಗುವವರೆಗೆ ಕೈಗೆ ಬರುವುದಿಲ್ಲ. ಅಳುತ್ತಾ ಕೂತ ಹೆಂಗಸು ಗುರುತಿಲ್ಲದ ಭಾಷೆಯಲ್ಲಿ ವಕೀಲರನ್ನು ಹುಡುಕಬೇಕು. ಹೋಗಲೇಬೇಕು ಅನ್ನುವವರು ಇಬ್ಬರ ಹೆಸರಲ್ಲೂ ಬೇರೆ ಬೇರೆ ಖಾತೆ, ಬೇರೆ ಬೇರೆ ಅನುಮತಿ ಮಾಡಿಸಿಕೊಳ್ಳಿ. 45 ಲಕ್ಷ ಬೇಕು, ಅದು ಇಲ್ಲದಿದ್ದರೆ ಹೋಗಬೇಡಿ. ಅಷ್ಟೇ.

ಉಳಿದ ಸಣ್ಣಪುಟ್ಟ ಷರತ್ತುಗಳು: 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು. ಊರಿಗೆ ಬರುವ ಮುಂಚೆ ಮರುಪ್ರವೇಶದ ಅನುಮತಿ ತೆಗೆದುಕೊಳ್ಳದೆ ಹೊರಟರೆ ಇದ್ದ ಅನುಮತಿ ರದ್ದಾಗುತ್ತದೆ. ಅಣ್ಣನಿಗೆ ಹುಷಾರಿಲ್ಲ ಅಂತ ಫೋನ್ ಬಂದ ರಾತ್ರಿ ಇದೆಲ್ಲ ನೆನಪಿರುತ್ತದಾ? ಹೊರದೇಶದವರು ಫ್ಲಾಟ್ ಕೊಳ್ಳಬಹುದು, ನೆಲ ಕೊಳ್ಳುವ ಹಾಗಿಲ್ಲ.

ಮಿಕ್ಕ ಪುಟಗಳು

ಶ್ರೀಲಂಕಾ ಕಣ್ಣಿಗೆ ಅಗ್ಗ. ಆದರೆ ಐವತ್ತೈದು ದಾಟಿದವರಿಗೆ ಅಲ್ಲಿರುವ ‘ಡ್ರೀಮ್ ಹೋಂ’ ವೀಸಾಕ್ಕೆ 15 ಸಾವಿರ ಡಾಲರ್ ಠೇವಣಿಯ ಜೊತೆ ತಿಂಗಳು ತಿಂಗಳು 1,500 ಡಾಲರ್ ತರಿಸಬೇಕು, ಸಂಗಾತಿಗೆ ಇನ್ನೂ 750. ಇಬ್ಬರಿಗೆ ತಿಂಗಳಿಗೆ 2 ಲಕ್ಷ ರೂಪಾಯಿ ಮೀರುತ್ತದೆ. 2022ರಲ್ಲಿ ಆ ದೇಶ ಸಾಲ ತೀರಿಸಲಾಗದೆ ನಿಂತಾಗ ಪೆಟ್ರೋಲಿಗೆ, ಗ್ಯಾಸಿಗೆ, ಔಷಧಿಗೆ ಜನ ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಈಗ ಸುಧಾರಿಸಿದೆ. ಆದರೂ ದಿನಾ ಇನ್ಸುಲಿನ್ ಬೇಕಾದವರು ಎರಡು ಸಲ ಯೋಚಿಸಿ.

ಪೋರ್ಚುಗಲ್‌ನ ಡಿ7 ವೀಸಾಕ್ಕೆ ವಯಸ್ಸಿನ ಮಿತಿ ಇಲ್ಲ. ಪಿಂಚಣಿ, ಬಾಡಿಗೆಯಂಥ ಕಾಯಂ ವರಮಾನ ಅಲ್ಲಿನ ಕನಿಷ್ಠ ವೇತನದಷ್ಟು ಇರಬೇಕು. 2025ರಲ್ಲಿ ಅದು 870 ಯೂರೋ, ಸಂಗಾತಿಗೆ ಇನ್ನರ್ಧ. ಸೇರಿ 1.37 ಲಕ್ಷ ರೂಪಾಯಿ. ನೆಲೆಸಿದವರು ಸರ್ಕಾರಿ ಆರೋಗ್ಯ ಸೇವೆಗೆ ಸೇರಬಹುದು. ಮುದುಕರಿಗೆ ಇದು ಬಹಳ ದೊಡ್ಡ ಅನುಕೂಲ, ಏಷ್ಯಾದ ಆ ದೇಶಗಳಲ್ಲಿ ನಮಗೆ ಸಿಗದ್ದು. ದುಡ್ಡು ಇದ್ದು, ಅರವತ್ತರಲ್ಲಿ ಹೊಸ ಭಾಷೆ ಕಲಿಯುವ ಉತ್ಸಾಹ ಇದ್ದರೆ ಯೋಚಿಸಬಹುದು. ನನಗೆ ದೂರವೇ ಅಡ್ಡಿಯಾಯಿತು. ಬೆಂಗಳೂರಿನಿಂದ ಕೌಲಾಲಂಪುರಕ್ಕೆ ವಿಮಾನ ನಾಲ್ಕು ಗಂಟೆ, ದೇವನಹಳ್ಳಿಯಿಂದ ಫ್ಲೈಬಸ್ ಹತ್ತಿದರೆ ಇನ್ನೊಂದು ನಾಲ್ಕೈದು ಗಂಟೆಯಲ್ಲಿ ಮೈಸೂರು. ಬೆಳಿಗ್ಗೆ ಹೊರಟವರು ರಾತ್ರಿ ಊಟಕ್ಕೆ ಮನೆಯಲ್ಲಿ ಇರಬಹುದು. ಲಿಸ್ಬನ್‌ನಿಂದ ಅದು ಆಗದ ಮಾತು.

ದುಬೈ ಪುಟವನ್ನು ನಾವು ಬೇಗ ಮಡಿಸಿದೆವು. 10 ಲಕ್ಷ ದಿರ್ಹಂನ ಮನೆ ಅಥವಾ ಅಷ್ಟೇ ಉಳಿತಾಯ ಕೇಳುವ ದೇಶ ಪಿಂಚಣಿದಾರರದ್ದಲ್ಲ.

ಮಕ್ಕಳಿರುವ ದೇಶ

ನಿಜ ಹೇಳಬೇಕೆಂದರೆ ಮೈಸೂರು, ಮಂಡ್ಯದ ಹೆಚ್ಚಿನ ಮನೆಗಳಲ್ಲಿ ಹೊರದೇಶ ಅಂದರೆ ಮಗನೋ ಮಗಳೋ ಇರುವ ದೇಶ. ಮೂರನೇ ಕಾಲಂನಲ್ಲಿ ಇವಕ್ಕೆ ಎಲ್ಲಕ್ಕಿಂತ ಹೆಚ್ಚು ಅಂಕ ಬರುತ್ತದೆ, ಯಾಕೆಂದರೆ ಒಬ್ಬರೇ ಉಳಿದರೂ ನೋಡಿಕೊಳ್ಳುವವರು ಅಲ್ಲಿದ್ದಾರೆ. ಮೊದಲನೇ ಕಾಲಂನಲ್ಲಿ ಎಲ್ಲಕ್ಕಿಂತ ಕಡಿಮೆ.

ಅಮೆರಿಕದಲ್ಲಿ ಮಗ ಅಥವಾ ಮಗಳು ಅಲ್ಲಿನ ಪ್ರಜೆಯಾಗಿದ್ದರೆ ಮಾತ್ರ ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಹಾಕಬಹುದು. ಅವರ ಕೈಯಲ್ಲಿ ಬರೀ ಗ್ರೀನ್ ಕಾರ್ಡ್ ಇದ್ದರೆ ಆಗುವುದಿಲ್ಲ. ಹೋದ ಮೇಲೂ ಸರ್ಕಾರದ ಮೆಡಿಕೇರ್ ವಿಮೆ ಕೊಳ್ಳಲು 65 ವರ್ಷ ತುಂಬಿರಬೇಕು, ಐದು ವರ್ಷ ಅಲ್ಲೇ ನೆಲೆಸಿರಬೇಕು. ಅಲ್ಲಿ ದುಡಿದು ತೆರಿಗೆ ಕಟ್ಟದವರು 2025ರ ದರದಂತೆ ಆಸ್ಪತ್ರೆ ಭಾಗಕ್ಕೆ ತಿಂಗಳಿಗೆ 518 ಡಾಲರ್, ಡಾಕ್ಟರ್ ಭಾಗಕ್ಕೆ 185 ಡಾಲರ್ ಕಟ್ಟಬೇಕು. ಒಬ್ಬರಿಗೆ 63 ಸಾವಿರ ರೂಪಾಯಿ, ಪ್ರತಿ ತಿಂಗಳು. ಇದು ಮಗನ ಸಂಬಳದಿಂದ ಹೋಗುವ ದುಡ್ಡು. ಇದನ್ನು ಮಗನ ಹತ್ತಿರ ಬಾಯಿಬಿಟ್ಟು ಮಾತಾಡಿ. ಸಂಕೋಚಪಟ್ಟು ಸುಮ್ನೆ ಹೋಗಿ, ಆಮೇಲೆ ಸೊಸೆಯ ಮುಖ ನೋಡಿ ತಿಳಿದುಕೊಳ್ಳುವ ಹಾಗೆ ಆಗಬಾರದು.

ಆಸ್ಟ್ರೇಲಿಯಾದಲ್ಲಿ ದುಡ್ಡು ಕಟ್ಟಿ ಪಡೆಯುವ ಕಾಯಂ ಪೋಷಕರ ವೀಸಾಕ್ಕೆ ಒಬ್ಬರಿಗೆ ಸುಮಾರು 48 ಸಾವಿರ ಆಸ್ಟ್ರೇಲಿಯಾ ಡಾಲರ್. ಕಾಯುವುದು ಹನ್ನೆರಡು ವರ್ಷಕ್ಕೂ ಮೇಲೆ. ದುಡ್ಡು ಕಡಿಮೆಯ ದಾರಿಯಲ್ಲಿ ಮೂವತ್ತು ವರ್ಷ. ಅರವತ್ತಕ್ಕೆ ಅರ್ಜಿ ಹಾಕಿದವರು ಅದನ್ನು ನೆಚ್ಚಿಕೊಂಡು ಮನೆ ಮಾರಬಾರದು.

ಕೆನಡಾದ ಸೂಪರ್ ವೀಸಾ ನನಗೆ ಇವೆಲ್ಲದರಲ್ಲಿ ಹದವಾದದ್ದು ಅನ್ನಿಸಿತು. ಒಂದು ಸಲ ಹೋದರೆ ಐದು ವರ್ಷದವರೆಗೆ ಇರಬಹುದು. ಕನಿಷ್ಠ 1 ಲಕ್ಷ ಕೆನಡಾ ಡಾಲರ್ ರಕ್ಷಣೆಯ ವೈದ್ಯಕೀಯ ವಿಮೆ ಇರಬೇಕು, ಮಕ್ಕಳ ವರಮಾನ ಇಷ್ಟು ಅಂತ ಇರಬೇಕು. ಕಾಯಂ ಆಗಿ ಬೇರು ಕಿತ್ತುಕೊಂಡು ಹೋಗದೆ, ಮೊಮ್ಮಗು ಶಾಲೆಗೆ ಹೋಗುವವರೆಗೆ ಇದ್ದು ಬರುವವರಿಗೆ ಇದು ಸರಿ. ಚಳಿಗಾಲದ ಆರು ತಿಂಗಳು ಮನೆಯೊಳಗೇ. ಕಾರು ಓಡಿಸಲು ಬಾರದವರಿಗೆ ಹಾಲು ತರುವುದಕ್ಕೂ ಇನ್ನೊಬ್ಬರು ಬೇಕು. ಬೆಳಿಗ್ಗೆ ಎದ್ದು ನಾಲ್ಕು ಜನರ ಮುಖ ನೋಡದಿದ್ದರೆ ಆಗದು ಅನ್ನುವವರಿಗೆ ಅದು ಸಣ್ಣ ವಿಷಯ ಅಲ್ಲ.

ಇಲ್ಲಿ ಕೈಬಿಡುವುದರ ಬೆಲೆ

ಹೋಲಿಕೆ ಮಾಡುವಾಗ ಅಲ್ಲಿನ ಖರ್ಚನ್ನು ಎಲ್ಲರೂ ಬರೆಯುತ್ತಾರೆ. ಇಲ್ಲಿ ಕಳೆದುಕೊಳ್ಳುವುದನ್ನು ಬರೆಯುವುದಿಲ್ಲ. ಹೊರಡುವವರಿಗೆ ನಾನು ಕೈ ಮುಗಿದು ಹೇಳುವುದು ಈ ಭಾಗವನ್ನು.

ವರ್ಷದಲ್ಲಿ 182 ದಿನಕ್ಕಿಂತ ಕಡಿಮೆ ಇಲ್ಲಿದ್ದರೆ ಸಾಮಾನ್ಯವಾಗಿ ನೀವು ತೆರಿಗೆ ಲೆಕ್ಕದಲ್ಲಿ ಅನಿವಾಸಿ. ಈಗ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ ಅಂತ ಖುಷಿಯಲ್ಲಿದ್ದೇವೆ. ಆ ರಿಯಾಯಿತಿ ನಿವಾಸಿಗಳಿಗೆ ಮಾತ್ರ. ಅದೇ 12 ಲಕ್ಷ ತೆರಿಗೆಯ ವರಮಾನಕ್ಕೆ ಅನಿವಾಸಿ 62,400 ರೂಪಾಯಿ ಕಟ್ಟಬೇಕು. ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಗೆ (ಅನಿವಾಸಿಗಳು ಇಲ್ಲಿ ಇಟ್ಟುಕೊಳ್ಳುವ ಖಾತೆ) ಬದಲಾಯಿಸಬೇಕು, ಅದರ ಬಡ್ಡಿಯಲ್ಲಿ ಶೇ 30ರ ದರದಲ್ಲಿ ಟಿಡಿಎಸ್ ಮುರಿದುಕೊಳ್ಳುತ್ತಾರೆ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹೊಸ ಖಾತೆ ತೆರೆಯುವ ಹಾಗಿಲ್ಲ.

ದುಡ್ಡು ಕಳಿಸುವಾಗಲೂ ಗಮನ ಇರಲಿ. ನಿವಾಸಿಯಾಗಿರುವವರು ಒಂದು ಹಣಕಾಸು ವರ್ಷದಲ್ಲಿ ತಲಾ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು ಶೇ 20 ಟಿಸಿಎಸ್, ಅಂದರೆ ಮೊದಲೇ ವಸೂಲು ಮಾಡುವ ತೆರಿಗೆ, ಹಿಡಿಯುತ್ತದೆ. ಥಾಯ್ ಠೇವಣಿಯ 22.4 ಲಕ್ಷ ಒಬ್ಬರ ಖಾತೆಯಿಂದಲೇ ಕಳಿಸಿದರೆ 2.48 ಲಕ್ಷ ಹಿಡಿದಿಡುತ್ತಾರೆ. ರಿಟರ್ನ್ ಹಾಕಿದಾಗ ವಾಪಸ್ ಬರುತ್ತದೆ, ಆದರೆ ಅಷ್ಟು ತಿಂಗಳು ಕೈಯಲ್ಲಿ ಇರುವುದಿಲ್ಲ.

ಮಂಡ್ಯ ಕಡೆಯವರಿಗೆ ಒಂದು ಮಾತು. ಮದ್ದೂರಿನ ಹತ್ತಿರ ಅಪ್ಪನಿಂದ ಬಂದ ಕಬ್ಬಿನ ಗದ್ದೆ ಇದ್ದರೆ ಅನಿವಾಸಿಯಾದ ಮೇಲೂ ಇಟ್ಟುಕೊಳ್ಳಬಹುದು. ಅನಿವಾಸಿಯಾಗಿರುವಷ್ಟು ದಿನ ಹೊಸದಾಗಿ ಕೃಷಿ ಜಮೀನು ಕೊಳ್ಳಲು ಆಗುವುದಿಲ್ಲ. ಅಲ್ಲಿದ್ದುಕೊಂಡೇ ಇಲ್ಲಿ ಒಂದೆಕರೆ ತೆಗೆದುಕೊಂಡು ತೋಟ ಮಾಡಿಸುತ್ತೇನೆ ಅನ್ನುವ ಆಸೆ ಇರುವವರು ಹೋಗುವ ಮುಂಚೆಯೇ ತೀರ್ಮಾನ ಮಾಡಿ.

ಆರೋಗ್ಯ ವಿಮೆ ಎಲ್ಲಕ್ಕಿಂತ ಮುಖ್ಯ. ನಮ್ಮ ದೇಶದ ಸಾಮಾನ್ಯ ಪಾಲಿಸಿಗಳು ಹೊರದೇಶದ ಚಿಕಿತ್ಸೆಗೆ ಆಗುವುದಿಲ್ಲ. ಹಾಗಾದರೆ ಯಾಕೆ ಕಟ್ಟಬೇಕು ಅಂತ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಬೇಡಿ. ವಾಪಸ್ ಬಂದು ಹೊಸದಾಗಿ ತೆಗೆದುಕೊಂಡರೆ ಮೊದಲೇ ಇದ್ದ ಸಕ್ಕರೆ ಕಾಯಿಲೆಗೆ, ಬಿಪಿಗೆ ಮೂರು ವರ್ಷದವರೆಗೆ ಕಾಯಿಸಬಹುದು. ಮೂಗು ಮುರಿಯದೆ ವರ್ಷಾ ವರ್ಷಾ ಕಂತು ಕಟ್ಟಿ. ಎಪ್ಪತ್ತು ದಾಟಿದವರಿಗೆ 2024ರಿಂದ ಆಯುಷ್ಮಾನ್ ಯೋಜನೆಯಲ್ಲಿ 5 ಲಕ್ಷದ ರಕ್ಷಣೆ ಇದೆ, ಅದೂ ಇಲ್ಲಿ ಮಾತ್ರ.

ಇನ್ನು ಕುಟುಂಬ ಪಿಂಚಣಿ. ಹಳೆ ಪದ್ಧತಿಯ ಸರ್ಕಾರಿ ನೌಕರರಿಗೂ ಬ್ಯಾಂಕಿನವರಿಗೂ ಸಾಮಾನ್ಯವಾಗಿ ಪಿಂಚಣಿ ಕೊನೆಯ ಸಂಬಳದ ಅರ್ಧ, ಕುಟುಂಬ ಪಿಂಚಣಿ ಶೇ 30. ಇಬ್ಬರಿದ್ದಾಗ 60 ಸಾವಿರ ಬರುತ್ತಿದ್ದರೆ ಒಬ್ಬರಾದಾಗ 36 ಸಾವಿರ. ಬಾಡಿಗೆ ಮಾತ್ರ ಅಷ್ಟೇ ಇರುತ್ತದೆ, ಕರೆಂಟೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿನ ಬದುಕನ್ನು 36 ಸಾವಿರದಲ್ಲಿ ಲೆಕ್ಕ ಹಾಕಿ ನೋಡಿ. ನಾನು ನನ್ನ ಪಿಂಚಣಿಯನ್ನೂ ಸೇರಿಸಿ ನೋಡಿದೆ. ಪೆನಾಂಗ್‌ನಲ್ಲಿ ಬಾಡಿಗೆ, ಊಟ, ವಿಮೆ ಹೋಗಿ ಉಳಿದದ್ದು ಒಂದು ಸಲ ಊರಿಗೆ ಬಂದು ಹೋಗುವಷ್ಟು.

ಕೊನೆಗೆ ಯಾರೂ ಬಾಯಿ ಬಿಡದ ವಿಷಯ. ಹೊರದೇಶದಲ್ಲಿ ಜೀವ ಹೋದರೆ ದೇಹ ತರಲು ಅಲ್ಲಿನ ಮರಣ ಪತ್ರ, ನಮ್ಮ ರಾಯಭಾರ ಕಚೇರಿಯ ಒಪ್ಪಿಗೆ, ರದ್ದುಮಾಡಿದ ಪಾಸ್‌ಪೋರ್ಟ್, ದೇಹ ಕೆಡದಂತೆ ಮಾಡಿದ ಪ್ರಮಾಣಪತ್ರ ಎಲ್ಲವೂ ಬೇಕು. ದಿನಗಳು ಹಿಡಿಯುತ್ತವೆ, ಖರ್ಚೂ ಜಾಸ್ತಿ. ಅಲ್ಲೇ ದಹನ ಮಾಡಿ ಅಸ್ಥಿ ತರುವುದು ಸುಲಭ. ನಾವಿಬ್ಬರೂ ಒಂದು ಕಾಗದದಲ್ಲಿ ಬರೆದು ಸಹಿ ಮಾಡಿದ್ದೇವೆ: ಎಲ್ಲಿ ಹೋದರೂ ಅಲ್ಲೇ ದಹನ, ಅಸ್ಥಿ ಮಾತ್ರ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ. ಅದರ ಒಂದು ಪ್ರತಿ ಮಗಳ ಹತ್ತಿರ ಇದೆ. ಬರೆಯುವಾಗ ಕಣ್ಣು ತುಂಬಿತ್ತು, ಬರೆದ ಮೇಲೆ ನಿರಾಳವಾಯಿತು.

ಹಾಗಾದರೆ ಯಾರು ಎಲ್ಲಿಗೆ?

ಮಕ್ಕಳು ಹೊರಗಿದ್ದು, ಅವರು ಮನಸಾರೆ ಕರೆಯುತ್ತಿದ್ದು, ವಿಮೆಯ ಲೆಕ್ಕ ಇಬ್ಬರೂ ಒಪ್ಪಿದ್ದರೆ ಅಲ್ಲಿಗೇ ಹೋಗಿ. ಮೊದಲು ಒಂದು ಚಳಿಗಾಲ ಇದ್ದು ನೋಡಿ. ಮಕ್ಕಳಿಲ್ಲದವರು ಅಥವಾ ಮಕ್ಕಳು ಇಲ್ಲೇ ಇರುವವರು ಏಷ್ಯಾದ ಊರು ನೋಡುತ್ತಿದ್ದರೆ, ಭಾಷೆ ಮತ್ತು ನೆರೆಯವರ ದೃಷ್ಟಿಯಿಂದ ನಾನು ಪೆನಾಂಗ್ ಅನ್ನುತ್ತೇನೆ, ಥಾಯ್ಲೆಂಡ್ ಅಲ್ಲ. ಪೆನಾಂಗ್‌ನಲ್ಲೂ ಭೇಟಿಗೆ ಹೋಗಿ ಇದ್ದು ಬರುವುದು, ಮನೆ ಕೊಂಡು ನೆಲೆಸುವುದಲ್ಲ. ಒಂದೂವರೆ ಲಕ್ಷಕ್ಕಿಂತ ಹೆಚ್ಚು ಕಾಯಂ ವರಮಾನ ಇದ್ದು ಆರೋಗ್ಯ ಗಟ್ಟಿ ಇರುವವರು ಪೋರ್ಚುಗಲ್ ವಿಚಾರಿಸಬಹುದು. ಯಾವ ದೇಶವಾದರೂ ಸರಿ, ಮೈಸೂರಿನ ಮನೆಯನ್ನು ಮೊದಲ ಎರಡು ವರ್ಷ ಮಾರಬೇಡಿ. ಬಾಡಿಗೆಗೂ ಪೂರ್ತಿ ಕೊಡಬೇಡಿ, ಒಂದು ಕೋಣೆಗೆ ಬೀಗ ಹಾಕಿಕೊಂಡಿರಿ.

ನಾವು ಆರಿಸಿದ್ದು ವರ್ಷಕ್ಕೆ ಒಂದು ತಿಂಗಳ ಪೆನಾಂಗ್. ಅನಿವಾಸಿ ಆಗುವುದಿಲ್ಲ, ವಿಮೆ ನಿಲ್ಲುವುದಿಲ್ಲ, ಗಂಡ ಹೆಂಡತಿ ಒಬ್ಬರ ವೀಸಾಕ್ಕೆ ಇನ್ನೊಬ್ಬರು ಜೋತುಬೀಳಬೇಕಿಲ್ಲ. ಒಬ್ಬರೇ ಉಳಿದರೂ ಮೇಲಿನ ಮಹಡಿಯ ಆ ಅಮ್ಮನ ಮನೆಗೆ ಅತಿಥಿಯಾಗಿ ಹೋಗಿಬರಬಹುದು, ಅವರೇ ಹಾಗೆ ಹೇಳಿದ್ದಾರೆ. ಈ ಸಲ ಸಂಕ್ರಾಂತಿ ಎಳ್ಳು ಬೀರಿ ಹೊರಡುತ್ತೇವೆ. ಎದುರು ಮನೆಯವರ ಹತ್ತಿರ ಬೀಗದ ಕೈ ಕೊಟ್ಟಾಗಿದೆ. ಇಬ್ಬರ ಕಾರ್ಡಿನಲ್ಲೂ ಹೊರದೇಶದ ಬಳಕೆ ಆನ್ ಮಾಡಿ ನಾನೇ ಪರೀಕ್ಷೆ ಮಾಡಿದ್ದೇನೆ. ಆ ಅಮ್ಮನಿಗೆ ಎರಡು ಕೆಜಿ ಮಂಡ್ಯದ ಬೆಲ್ಲ, ಬಚ್ಚಲಿಗೆ ಒಂದು ರಬ್ಬರ್ ಮ್ಯಾಟು, ಎರಡೂ ಸೂಟ್‌ಕೇಸಿನ ತಳದಲ್ಲಿವೆ.